ಎರಡೂ ಕಡೆಯ ಭಾವ

ಕಟಕ್... ಗುರ್ರ್‌ರ್... ಟುಪ್!

ವಿಸಿಆರ್ ಎಂಬ ಪೆಟ್ಟಿಗೆ ಕ್ಯಾಸೆಟ್ ನುಂಗುವ ಸದ್ದು ಇದು. ಈಗಿನ ಮಕ್ಕಳಿಗೆ ಕೇಳಿಸಿದರೆ ಮಿಕ್ಸಿ ಕೆಟ್ಟಿದೆ ಎಂದುಕೊಂಡಾರು. ನನಗೆ ಮಾತ್ರ ಆ ಸದ್ದು ನೆನಪಾದರೆ ಸಾಕು, ದೋಹಾದ ಅಲ್ ಮನ್ಸೂರಾದ ನಮ್ಮ ಹಳೆಯ ಫ್ಲಾಟು, ಶುಕ್ರವಾರದ ಮಧ್ಯಾಹ್ನ, ಬಂಗುಡೆ ಸಾರಿನ ವಾಸನೆ, ಟೈ ಕಟ್ಟಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ನಮ್ಮ ಭಾವ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಹಿಂದೆಯೇ ಅವರ ಗಂಟಲು: "ಯಲ್ಲಾ! ಪಿಚ್ಚರ್ ಶುರು! ಬಾಗಿಲು ಹಾಕಿ ಮಾರಾಯ್ರೆ, ಎಸಿ ಹೊರಗೆ ಹೋಗ್ತದೆ!"

ಈ ಭಾವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕತಾರಿನಲ್ಲಿರುವ ನಮ್ಮ ಕರಾವಳಿಯವರಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು, ಒಬ್ಬ ಮನುಷ್ಯನನ್ನು ಬಿಟ್ಟು. ಆ ಒಬ್ಬ ಯಾರೆಂದು ತಿಳಿಯಲು ನಮಗೆ ಎಷ್ಟೋ ವರ್ಷ ಬೇಕಾಯಿತು!

ಅವರು ನಮ್ಮ ಮನೆಗೆ ಮೊದಲು ಬಂದದ್ದು ನನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ. ಊರಲ್ಲಾದರೆ ಬಂಧುಗಳು ಯಾರು, ಬರೀ ಊಟಕ್ಕೆ ಬಂದವರು ಯಾರು ಎಂದು ಜರಡಿ ಹಿಡಿಯಲು ಅಜ್ಜಿಯರಿರುತ್ತಾರೆ. ಇಲ್ಲಿ ಅಜ್ಜಿಯೂ ಇಲ್ಲ, ಜರಡಿಯೂ ಇಲ್ಲ. ಇವರ (ನನ್ನ ಗಂಡನ ಎಂದು ತಿಳಿಯಿರಿ, ಕಾನ್ವೆಂಟಿನಲ್ಲಿ ಓದಿದವಳಾದರೂ ಹೆಸರು ಹಿಡಿಯುವ ಧೈರ್ಯ ಈಗಲೂ ಇಲ್ಲ!) ಆಫೀಸಿನವರು, ನನ್ನ ದೂರದ ಕಸಿನ್‌ಗಳು, ಕಸಿನ್‌ಗಳ ರೂಮ್‌ಮೇಟುಗಳು ಎಲ್ಲ ಸೇರಿ ಫ್ಲಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇಕು ಮುಗಿಯಿತು, ಬಿರಿಯಾನಿ ಮುಗಿಯಿತು, ಜನವೂ ಮುಗಿಯಿತು. ಅಡುಗೆಮನೆಗೆ ಹೋಗಿ ನೋಡುತ್ತೇನೆ, ಒಬ್ಬ ಸಣಕಲು ಮನುಷ್ಯ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಬಿರಿಯಾನಿ ಪಾತ್ರೆಯ ತಳ ಉಜ್ಜುತ್ತಿದ್ದಾರೆ!

"ಅಯ್ಯೋ, ನೀವ್ಯಾಕೆ? ಬಿಡಿ, ಬಿಡಿ!" ಎಂದೆ.

"ಮನೆಯವರು ತೊಳೆಯದೆ ಮತ್ತೆ ಯಾರು ತೊಳೆಯುವುದು ಮಾರಾಯ್ರೆ?" ಎಂದರು.

ಮುಗಿಯಿತಲ್ಲ! ಮನೆಯವರು. ನನ್ನ ಕಡೆಯವರಲ್ಲ ಎಂಬುದು ನನಗೆ ಗೊತ್ತು. ಅಂದಮೇಲೆ ಇವರ ಕಡೆಯವರು. ಸಿಂಪಲ್ ಅರಿತ್ಮೆಟಿಕ್.

ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ನನ್ನ ರಿಪೋರ್ಟ್ ಕಾರ್ಡಿನಲ್ಲಿ ಸಿಸ್ಟರ್‌ಗಳು ಪ್ರತಿ ವರ್ಷ 'ಆಸ್ಕ್ಸ್ ಟೂ ಮೆನಿ ಕ್ವೆಶ್ಚನ್ಸ್' ಎಂದು ಬರೆಯುತ್ತಿದ್ದರು. ಆದರೆ ಗಂಡನ ಕಡೆಯ ಹಿರಿಯರನ್ನು ಹಿಡಿದು "ನೀವು ಯಾರು?" ಎಂದು ಕೇಳುವುದುಂಟೇ? ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಗುರುತು ಮರೆತವಳದೇ ತಪ್ಪು, ಗುರುತು ಹೇಳದವರದಲ್ಲ. 'ಗುರುತೇ ಹಿಡಿಯಲಿಲ್ಲ ನೋಡಿ ಆ ಹೆಂಗಸು' ಎಂಬ ಕಥೆ ಮೂರು ತಲೆಮಾರು ಓಡುತ್ತದೆ! ನಾನು ತೆಪ್ಪಗೆ ಭಾವ ಎಂದೆ. ಇವರೂ ಭಾವ ಎಂದರು. ಮಗಳು ಮಾತು ಕಲಿತಾಗ ಮಾಮ ಎಂದಳು.

ಮುಂದಿನ ಶುಕ್ರವಾರ (ಇಲ್ಲಿ ಅದೇ ವಾರದ ರಜೆ) ಭಾವ ಬಂಗುಡೆ ತಂದರು, ಕ್ಲೀನ್ ಮಾಡಿಸಿಕೊಂಡೇ. ಅದರ ಮುಂದಿನ ಶುಕ್ರವಾರ ಸಾರಿಗೆ ಹುಳಿ ಕಮ್ಮಿ ಎಂದರು. ಸಾರಿಗೆ ಕೊಂಕು ತೆಗೆದವರು ಗಂಡನ ಕಡೆಯವರಲ್ಲದೆ ಇನ್ಯಾರು? ನನ್ನ ಕೊನೆಯ ಅನುಮಾನವೂ ಖಲಾಸ್!

ಯಾವುದೋ ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಅವರು ಸ್ಟೋರ್‌ಕೀಪರ್. ವಾರವಿಡೀ ಸಿಮೆಂಟಿನ ಧೂಳು ಹಿಡಿದ ಶರ್ಟು. ರಜೆಯ ದಿನ ಟೈ! "ಎಲ್ಲರೂ ರಜೆಯಲ್ಲಿ ಟೈ ಬಿಚ್ಚುತ್ತಾರೆ ಭಾವ," ಎಂದರೆ, "ಅವರು ಆಫೀಸಿಗೆ ಮರ್ಯಾದೆ ಕೊಡುವವರು. ನಾನು ಮನೆಗೆ ಕೊಡುವವ," ಎನ್ನುವರು. ಐನ್ ಖಾಲಿದ್‌ನಲ್ಲಿ ಯಾರೋ ಹೊಸಬರು ಸಂಸಾರ ಹೂಡಿದ್ದಾರೆ ಎಂದು ನಾವು ಬಾಯಿ ತೆರೆಯುವ ಮೊದಲೇ, "ಗೊತ್ತುಂಟು, ಅವರ ಅತ್ತಿಗೆಯ ತಂಗಿಯನ್ನು ಪುತ್ತೂರಿಗೆ ಕೊಟ್ಟದ್ದು. ಅವಳ ನಾದಿನಿ ನಮ್ಮ ಈ ಸಲಾಲಾದಲ್ಲಿದ್ದವರ ಸೊಸೆ," ಎಂದು ಶುರುಮಾಡುವರು. "ನಿಮ್ಮ ಮನೆ ಕಡೆ ಹೇಗೆ ಭಾವ?" ಎಂದರೆ ಮಾತ್ರ, "ನಮ್ಮದೆಂಥದು ಮಾರಾಯ್ರೆ, ಹೀಗೇ ಉಂಟು. ಸ್ವಲ್ಪ ಸಾರು ಹಾಕಿ."

ಅವರ ಬ್ರಿಟಿಷ್ ಮ್ಯಾನೇಜರ್ ಒಬ್ಬ ಕೆಲಸ ಬಿಟ್ಟು ಹೊರಟಾಗ ಮನೆಯ ಸಾಮಾನೆಲ್ಲ ಹಂಚಿದನಂತೆ. ಉಳಿದವರು ಫ್ರಿಜ್ಜು, ಸೋಫಾ ಹೊತ್ತರೆ ನಮ್ಮ ಭಾವ ತಂದದ್ದು ಒಂದು ಛತ್ರಿ, ಒಂದು ವಿಡಿಯೋ ಕ್ಯಾಸೆಟ್. ದೋಹಾದಲ್ಲಿ ಛತ್ರಿ! ಮೀನಿಗೆ ಸೈಕಲ್ ಕೊಟ್ಟ ಹಾಗೆ! ಅದನ್ನು ತಂದು ನಮ್ಮ ಮುಂಬಾಗಿಲ ಹಿಂದೆ ಮೂಲೆಯಲ್ಲಿ ನಿಲ್ಲಿಸಿದರು. ಆ ವರ್ಷ ಅಪರೂಪಕ್ಕೆ ಮಳೆ ಬಂತು ನೋಡಿ, ರಸ್ತೆಯೆಲ್ಲ ಕೆರೆ. ಭಾವ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ನಿಂತರು.

"ಛತ್ರಿ ಎಲ್ಲಿ ಭಾವ?" ಎಂದು ನಾವು ಹೊಟ್ಟೆ ಹಿಡಿದು ನಕ್ಕೆವು.

"ಮನೆಯಲ್ಲುಂಟಲ್ಲ!" ಎಂದು ನಮ್ಮ ಬಾಗಿಲ ಹಿಂದೆ ಕೈ ತೋರಿಸಿದರು.

ಇನ್ನು ಕ್ಯಾಸೆಟ್ಟು. ಅದೊಂದು ಸಣ್ಣ ಇಂಗ್ಲಿಷ್ ಕಾಮಿಡಿ. ನಾಲ್ಕು ಕಾಸಿಗೆ ತೆಗೆದ ಪಿಚ್ಚರು ಎಂಬುದು ಕುರುಡರಿಗೂ ಕಾಣುತ್ತಿತ್ತು. ಯಾರ ಮನೆ ತೋರಿಸಿದರೂ ಅದೇ ಹೂವಿನ ಪರದೆ. ಮಳೆ ಒಂದೇ ಕಿಟಕಿಯ ಮೇಲೆ ಬೀಳುತ್ತಿತ್ತು, ಪಕ್ಕದ ಕಿಟಕಿಯಲ್ಲಿ ಬಿಸಿಲು! ಊಟದ ಮೇಜಿನ ಮೇಲೆ ಆಗಾಗ ಮೈಕು ಬಾವಲಿಯ ಹಾಗೆ ನೇತಾಡುತ್ತಿತ್ತು. ಪೋಸ್ಟ್‌ಮ್ಯಾನ್ ಆಗಿ ಬಂದವನೇ ಮೀಸೆ ತೆಗೆದು ಪಾದ್ರಿಯಾಗಿ ಬರುತ್ತಿದ್ದ.

"ಪಾಪ, ಅವರ ಹತ್ರ ದುಡ್ಡಿಲ್ಲ. ಇದ್ದ ಜನದಲ್ಲೇ ಸುಧಾರಿಸಿದ್ದಾರೆ," ಎನ್ನುವರು ಭಾವ. "ಇಲ್ಲಿ ನಾವೂ ಹಾಗೇ ಅಲ್ವಾ? ಒಬ್ಬನೇ ಒಮ್ಮೆ ಅಣ್ಣ, ಒಮ್ಮೆ ಭಟ್ರು, ಒಮ್ಮೆ ಫೋಟೋ ತೆಗೆಯುವವ!"

ಕಥೆ ಇಷ್ಟೆ: ಕ್ರಿಸ್‌ಮಸ್ ಊಟದ ಹೊತ್ತಿಗೆ ಮಳೆಯಲ್ಲಿ ನೆನೆದ ಒಬ್ಬ ಪೆದ್ದು ಕಸಿನ್ ಬರುತ್ತಾನೆ. ಅವರ ಹಬ್ಬದ ಪದ್ಧತಿಯಂತೆ ತಲೆಗೆ ಕಾಗದದ ಕಿರೀಟ ಹಾಕಿ ಊಟಕ್ಕೆ ಕೂರಿಸುತ್ತಾರೆ. ಬಂದವನು ಹೋಗುವುದೇ ಇಲ್ಲ. ನಲ್ಲಿ ರಿಪೇರಿ ಮಾಡುತ್ತಾನೆ, ಅಜ್ಜಿಯ ಜೊತೆ ಇಸ್ಪೀಟು ಆಡುತ್ತಾನೆ, ಮನೆಯ ಬೆಕ್ಕನ್ನು ಕಳೆದುಹಾಕಿ ಬೀದಿಯ ಬೆಕ್ಕನ್ನು ತಂದು ಅದೇ ಇದು ಎಂದು ಆಣೆ ಹಾಕುತ್ತಾನೆ. ನನಗೆ ಟ್ರಾನ್ಸ್‌ಲೇಟರ್ ಕೆಲಸ. ಆದರೆ ನಮ್ಮ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷೇ ಬೇರೆ, ಆ ಅಜ್ಜಿ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಆಡುವ ಇಂಗ್ಲಿಷೇ ಬೇರೆ! ನಾನು ತಡವರಿಸಿದಾಗೆಲ್ಲ ಭಾವ ತಾವೇ ಅಜ್ಜಿಯಾಗಿ ಮಾತಾಡಿಬಿಡುವರು: "ಎಂಥ ಮಾರಾಯ, ನೀ ತಿಂದದ್ದು ಎಲ್ಲಿಗೆ ಹೋಗ್ತದೆ?" ಆ ಅಜ್ಜಿ ಕುಂದಾಪುರದವಳೇ ಸೈ ಎಂದು ನನ್ನ ಮಗಳು ಬಹಳ ಕಾಲ ನಂಬಿದ್ದಳು.

ಒಂದು ಮಾತ್ರ ವಿಚಿತ್ರ. ಕೊನೆಗೆ ಆ ಕಸಿನ್ ಕೋಟು ಹಾಕಿಕೊಂಡು, ಎಲ್ಲರನ್ನೂ ಕರೆದು, ಬಾಗಿಲ ಹತ್ತಿರ ನಿಂತು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಟುಪ್! ಭಾವ ಕ್ಯಾಸೆಟ್ ನಿಲ್ಲಿಸಿಬಿಡುವರು.

"ಮುಂದೆ?"

"ಮುಂದೆ ಎಂಥದೂ ಇಲ್ಲ. ಹೆಸರುಗಳು ಮೇಲೆ ಹೋಗ್ತವೆ, ಅಷ್ಟೆ."

ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋಗಿಬಿಡುವರು, ಡಾಕ್ಟರು ಸ್ಟೆತೊಸ್ಕೋಪ್ ಒಯ್ಯುವ ಹಾಗೆ. ಛತ್ರಿ ಇಲ್ಲಿ, ಕ್ಯಾಸೆಟ್ ಅಲ್ಲಿ! ಯಾಕೆ? ನನ್ನ ಕುತೂಹಲಕ್ಕೆ ತುರಿಕೆ ಹತ್ತಿತ್ತು.

ಹೀಗಿರುವಾಗ ಒಂದು ಸಂಜೆ ಪಾರ್ಕಿಗೆ ಹೋದೆವು. ಆ ದಿನ ಅಲ್ಲಿ ಫ್ಯಾಮಿಲಿಗಳಿಗೆ ಮಾತ್ರ ಪ್ರವೇಶ. ಹೆಂಡತಿ ಮಕ್ಕಳು ಜೊತೆಗಿಲ್ಲದ ಗಂಡಸರನ್ನೆಲ್ಲ ಇಲ್ಲಿ 'ಬ್ಯಾಚುಲರ್' ಎನ್ನುತ್ತಾರೆ, ಊರಲ್ಲಿ ಮೊಮ್ಮಕ್ಕಳಿದ್ದರೂ ಸರಿ! ನಾವು ಒಳಗೆ ಹೋದೆವು. ಕಡಲೆಕಾಯಿ ಕೊಳ್ಳಲು ಹಿಂದೆ ಉಳಿದ ಭಾವನನ್ನು ಗೇಟಿನಲ್ಲಿ ಗಾರ್ಡ್ ತಡೆದ. "ಫ್ಯಾಮಿಲಿ?" ಭಾವ ನಮ್ಮತ್ತ ಗದ್ದ ಎತ್ತಿ ತೋರಿಸಿದರು. ಗಾರ್ಡ್ ನಮ್ಮ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದ, "ಇವರು ನಿಮಗೇನಾಗಬೇಕು?"

"ನನ್ನ ಹಸ್‌ಬೆಂಡ್‌ನ ಕಸಿನ್," ಎಂದೆ ನಾನು.

"ಇವಳ ಅಣ್ಣ," ಎಂದರು ಇವರು.

ಇಬ್ಬರದೂ ಒಂದೇ ಉಸಿರಿಗೆ!

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಭಾವ ಮಾತ್ರ ಗೇಟಿನ ಆಚೆ ಒಂದು ಕಡಲೆಕಾಯಿಯನ್ನೇ ಅದೆಷ್ಟೋ ಹೊತ್ತು ಸುಲಿಯುತ್ತ ನಿಂತಿದ್ದರು. ಗಾರ್ಡ್‌ಗೆ ಬಹಳ ಖುಷಿಯಾಯಿತು. "ಎರಡೂ ಕಡೆಯಿಂದಲೂ ಸಂಬಂಧವಾ? ಹಾಗಾದರೆ ತುಂಬ ಹತ್ತಿರದವರು!" ಎಂದು ಸಲಾಮು ಹೊಡೆದು ಒಳಗೆ ಬಿಟ್ಟ.

ಮನೆಗೆ ಬಂದು ಮಗಳನ್ನು ಮಲಗಿಸಿ ಪಿಸುಮಾತಿನ ಯುದ್ಧ.

"ನಿಮ್ಮವರಲ್ವಾ ಅವರು?"

"ನಿನ್ನವನಲ್ವಾ?"

"ಸಾರಿಗೆ ಹುಳಿ ಕಮ್ಮಿ ಅಂದವರು ನಿಮ್ಮ ಕಡೆಯವರಲ್ದೆ ಮತ್ತೆ?"

"ಪಾತ್ರೆ ತೊಳೆದವ ನನ್ನ ಕಡೆಯವ ಆಗ್ಲಿಕ್ಕುಂಟಾ? ನಮ್ಮ ವಂಶದಲ್ಲಿ ಗಂಡಸರು ಲೋಟ ಕೂಡ ಎತ್ತಿಟ್ಟದ್ದಿಲ್ಲ!"

ಫಾರ್ ಹೆವನ್ಸ್ ಸೇಕ್! ಇಷ್ಟು ವರ್ಷ ನಾನು ಇವರ ಮುಖ ನೋಡಿ ಸಹಿಸಿದೆ, ಇವರು ನನ್ನ ಮುಖ ನೋಡಿ ಸಹಿಸಿದರು. "ನಿಮ್ಮ ಕಡೆಯವರಿಗೆಲ್ಲ ನಾನು ಬೇಯಿಸಿ ಹಾಕಿದೆ" ಎಂಬ ನನ್ನ ಬ್ರಹ್ಮಾಸ್ತ್ರ ಠುಸ್ಸಾಯಿತು!

"ಆ ಹುಟ್ಟುಹಬ್ಬದ ದಿನ ಮೇಲಿನ ಫ್ಲಾಟಿನಲ್ಲೂ ಎಂಥದೋ ಪೂಜೆ ಇತ್ತು ನೋಡು," ಎಂದು ಇವರು ತಲೆ ಕೆರೆದುಕೊಂಡರು. "ಲಿಫ್ಟಿನಿಂದ ತಪ್ಪಿ ಇಳಿದನೋ ಏನೋ."

"ತಪ್ಪಿ ಇಳಿದವರು ವರ್ಷಗಟ್ಟಲೆ ತಪ್ಪಿ ಇಳಿಯುತ್ತಾರಾ?"

ಕೇಳುವುದೋ ಬೇಡವೋ? ಕೇಳದಿದ್ದರೆ ನನಗೆ ನಿದ್ದೆಯಿಲ್ಲ. ಕೇಳಿದರೆ? ಕೇಳಿದರೆ ಅವರು ಮತ್ತೆ ಬರಲಿಕ್ಕಿಲ್ಲ. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಆದರೂ ಇವರು ಗಂಡಸಲ್ಲವೇ! "ಯಾರೆಂದು ಗೊತ್ತಿಲ್ಲದವರನ್ನು ಮನೆಯೊಳಗೆ ಇಟ್ಟುಕೊಳ್ಳಲಿಕ್ಕೆ ಆಗ್ತದಾ? ಈ ಶುಕ್ರವಾರ ಕೇಳಿಯೇ ಬಿಡ್ತೇನೆ," ಎಂದರು.

ಶುಕ್ರವಾರ ಬಂತು. ಭಾವನೂ ಬಂದರು. ಟೈ, ಬಂಗುಡೆ, ಕಟಕ್, ಗುರ್ರ್. ಪಿಚ್ಚರು ಮುಗಿಯುತ್ತ ಬಂದಾಗ ಮಗಳು ಐಸ್‌ಕ್ರೀಮ್ ಬೇಕೆಂದು ಹಟ ಹಿಡಿದಳು. ಅವಳಿಗೆ ಭಾವ ಇಲ್ಲ ಎಂದದ್ದೇ ಇಲ್ಲ. "ನೋಡ್ತಾ ಇರಿ, ಈಗ ಬಂದೆ," ಎಂದು ಅವಳನ್ನು ಕರೆದುಕೊಂಡು ಕೆಳಗಿನ ಅಂಗಡಿಗೆ ಇಳಿದರು. ನಮ್ಮ ಲಿಫ್ಟು ಎಂಥದ್ದೆಂದು ಮರೆತಿದ್ದರು. ಅದು ಕೆಳಗೆ ಹೋದರೆ ಹೋಯಿತು, ಬೇಗ ಮೇಲೆ ಬರುವುದಿಲ್ಲ!

ಇತ್ತ ಕಸಿನ್ ಕೋಟು ಹಾಕಿಕೊಂಡ. ಬಾಗಿಲ ಹತ್ತಿರ ನಿಂತ. ಬಾಯಿ ತೆರೆದ. ಟುಪ್ ಎನ್ನಲು ಯಾರೂ ಇರಲಿಲ್ಲ.

"ನಾನು ನಿಮಗೆ ಏನೂ ಆಗಬೇಕಾದವನಲ್ಲ," ಎಂದ ಅವನು. "ಆ ದಿನ ಮಳೆ ಬರುತ್ತಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬಾಗಿಲು ತಟ್ಟಿದೆ. ನೀವು ಊಟಕ್ಕೆ ಕೂರಿಸಿದಿರಿ."

ಅಜ್ಜಿ ಇಸ್ಪೀಟು ಕೆಳಗಿಟ್ಟಳು. ಆ ದಿನ ಅವಳ ಇಂಗ್ಲಿಷು ನನಗೆ ಪೂರಾ ಅರ್ಥವಾಯಿತು. "ಗೊತ್ತು ಮಗ, ನೀನು ಬಂದ ದಿನವೇ ಗೊತ್ತು. ಕೋಟು ಬಿಚ್ಚು. ಊಟ ಆರುತ್ತದೆ."

ಹೆಸರುಗಳು ಮೇಲೆ ಹೋಗತೊಡಗಿದವು. ನಾನು ಇವರತ್ತ ನೋಡಲಿಲ್ಲ, ಇವರು ನನ್ನತ್ತ ನೋಡಲಿಲ್ಲ. ಎಲ್ಲಿ ಟುಪ್ ಎನ್ನಿಸಬೇಕು ಎಂದು ತಿಳಿಯುವಷ್ಟು ಇಂಗ್ಲಿಷು ನಮ್ಮ ಭಾವನಿಗೆ ಬರುತ್ತಿತ್ತು ಎಂದಾಯಿತು!

ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಕರಗುತ್ತಿರುವ ಐಸ್‌ಕ್ರೀಮು. ಭಾವ ಟಿವಿ ನೋಡಿದರು. ನಮ್ಮಿಬ್ಬರನ್ನು ನೋಡಿದರು. ಹೊಸ್ತಿಲ ಆಚೆಯೇ ನಿಂತರು. ಐಸ್‌ಕ್ರೀಮು ಅವರ ಬೆರಳ ಸಂದಿಯಿಂದ ಇಳಿದು ಟೈ ಮೇಲೆ ಬೀಳುತ್ತಿತ್ತು. ಮನೆಯೊಳಗೆ ಹೊರಗಿನ ಸೆಕೆ ನುಗ್ಗುತ್ತಿತ್ತು.

ಇವರು ಗಂಟಲು ಸರಿಪಡಿಸಿಕೊಂಡರು. ಈಗ ಕೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ.

"ಎಂಥ ಭಾವ, ಅಲ್ಲೇ ನಿಂತದ್ದು?" ಎಂದರು ಇವರು. "ಬಾಗಿಲು ಹಾಕಿ. ಎಸಿ ಹೊರಗೆ ಹೋಗ್ತದೆ."

ಭಾವ ಬಾಗಿಲು ಹಾಕಿದರು. ಒಳಗಿನಿಂದ. ಆ ಸಂಜೆ ಹೋಗುವಾಗ ಕ್ಯಾಸೆಟ್ಟನ್ನು ಒಯ್ಯಲಿಲ್ಲ.

ಆಮೇಲೆ ವಿಸಿಆರ್ ಹೋಯಿತು. ಮನ್ಸೂರಾ ಬಿಟ್ಟು ಐನ್ ಖಾಲಿದ್‌ಗೆ, ಅಲ್ಲಿಂದ ಅಲ್ ವುಕೈರ್‌ನಲ್ಲಿ ಮಗಳ ಮನೆಗೆ ಬಂದೆವು. ಛತ್ರಿ ಪ್ರತಿ ಮನೆಯಲ್ಲೂ ಬಾಗಿಲ ಹಿಂದೆ ನಿಂತಿತು. ಮಗಳ ಮದುವೆಯಲ್ಲಿ ಅವಳ ಕೈ ಹಿಡಿದು ಮಂಟಪಕ್ಕೆ ಕರೆತರಲು ಸೋದರಮಾವ ಬೇಕಲ್ಲ, ನನಗೆ ಅಣ್ಣತಮ್ಮಂದಿರಿಲ್ಲ. ಟೈ ಬಿಚ್ಚಿ ಪಂಚೆ ಉಟ್ಟವರು ಯಾರೆಂದು ಹೇಳಬೇಕೇ? ಇವರು ತೀರಿಕೊಂಡಾಗಲೂ ಹಾಗೇ. ಅಣ್ಣ, ಭಟ್ರು, ಡ್ರೈವರು, ಎಲ್ಲ ಅವರೊಬ್ಬರೇ ಆದರು. ಆ ಸಲ ಫೋಟೋ ಮಾತ್ರ ತೆಗೆಯಲಿಲ್ಲ.

ಕೆಲಸ ಬಿಟ್ಟ ಮೇಲೆ ಈ ದೇಶದಲ್ಲಿ ಇರುವ ಹಾಗಿಲ್ಲ. ಭಾವನ ಕಂಪನಿ ಇನ್ನು ಸಾಕು ಎಂದಿತು. ಮಂಗಳೂರಲ್ಲಿ ಒಂದು ಸಣ್ಣ ಫ್ಲಾಟು ಕೊಂಡಿದ್ದರಂತೆ.

"ಅಲ್ಲಿ ಯಾರಿದ್ದಾರೆ ಭಾವ?" ಎಂದೆ.

"ಎದುರಿನ ಮನೆಯಲ್ಲಿ ಗಂಡ ಹೆಂಡತಿ, ಎರಡು ಮಕ್ಕಳು ಇದ್ದಾರೆ," ಎಂದು ನಕ್ಕರು. "ಅಲ್ಲಿ ಶುಕ್ರವಾರ ಅಲ್ಲ, ಭಾನುವಾರ ರಜೆ. ಅಭ್ಯಾಸ ಮಾಡಿಕೊಳ್ಬೇಕು."

ಏರ್‌ಪೋರ್ಟಿಗೆ ಮಗಳೇ ಕಾರಿನಲ್ಲಿ ಬಿಟ್ಟಳು. ಅವಳು ಕಾರು ನಿಲ್ಲಿಸಲು ಹೋದಾಗ ಬಾಗಿಲ ಹತ್ತಿರ ನಾವಿಬ್ಬರೇ. ಸೊಂಟ ನೋವಿನ ಭಾವ ವೀಲ್‌ಚೇರಿನಲ್ಲಿ, ಟೈ ಸಮೇತ. ನಾನು ಛತ್ರಿ ಚಾಚಿದೆ. "ಅಲ್ಲಿ ಮಳೆ ಉಂಟು, ತಗೊಂಡು ಹೋಗಿ."

"ಬೇಡ. ಮನೆಯಲ್ಲೇ ಇರಲಿ," ಎಂದರು. ಟೈ ಗಂಟು ಸರಿಮಾಡಿಕೊಂಡು, "ಒಂದು ಮಾತು ಹೇಳ್ಬೇಕಿತ್ತು ಮಾರಾಯ್ರೆ. ಆ ಹುಟ್ಟುಹಬ್ಬದ ದಿನ ನಾನು..." ಎಂದು ತೊಡಗಿದರು.

ಎಷ್ಟು ವರ್ಷದ ಕುತೂಹಲ! ನಾನು ಇನ್ನೊಂದು ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಪಾಸ್‌ಪೋರ್ಟ್ ಕಿಸೆಯಲ್ಲುಂಟಾ ನೋಡಿಕೊಳ್ಳಿ ಭಾವ," ಎಂದುಬಿಟ್ಟೆ.

ವೀಲ್‌ಚೇರ್ ತಳ್ಳುವ ಹುಡುಗಿ ಬಂದಳು. ನನ್ನನ್ನು ನೋಡಿ ಅವರನ್ನು ಕೇಳಿದಳು, "ಫ್ಯಾಮಿಲಿ, ಸರ್?"

ಭಾವ ಈ ಸಲ ಗದ್ದ ಎತ್ತಿ ತೋರಿಸಲಿಲ್ಲ. "ಯೆಸ್. ಮೈ ಸಿಸ್ಟರ್," ಎಂದರು, ಪ್ರತಿ ಅಕ್ಷರವನ್ನೂ ಬಿಡಿಸಿ.

ಇವರಿದ್ದಿದ್ದರೆ ಕುಣಿದುಬಿಡುತ್ತಿದ್ದರು. 'ನಾನು ಅಂದೇ ಹೇಳಿರಲಿಲ್ವಾ, ನಿನ್ನ ಕಡೆಯವನೇ ಅಂತ!'

ವೀಲ್‌ಚೇರ್ ಒಳಗೆ ಹೋಯಿತು. ನಾನು ಅಲ್ಲೇ ನಿಂತಿದ್ದೆ. ನಾನು ನಿಂತಿದ್ದರಿಂದಲೋ ಏನೋ, ಆ ಗಾಜಿನ ಬಾಗಿಲು ಮುಚ್ಚಲೂ ಆಗದೆ ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ದೂರದಲ್ಲಿ ಭಾವ ಕುರ್ಚಿ ನಿಲ್ಲಿಸಿ, ಕತ್ತು ತಿರುಗಿಸಿ, ಜನರೆಲ್ಲ ನೋಡುವ ಹಾಗೆ ಕೂಗಿದರು:

"ಬಾಗಿಲಿನಿಂದ ಆಚೆ ಸರಿ ತಂಗೀ! ಎಸಿ ಹೊರಗೆ ಹೋಗ್ತದೆ!"