ದೊಡ್ಡವರ ಪುಸ್ತಕ

ಶನಿವಾರ ಬೆಳಿಗ್ಗೆ ಮೆಲ್ಬರ್ನಿನಿಂದ ತಂಗಿ ಸರೋಜಿನಿ ಕಳಿಸಿದ ವಾಟ್ಸಾಪ್ ಸಂದೇಶ ಪುಟ್ಟದು. "ಅಣ್ಣಾ, ಪಾರ್ಸೆಲ್ ಬಂತಂತೆ, ಅತ್ತಿಗೆ ಹೇಳಿದ್ರು. ಈ ವರ್ಷ ಇಲ್ಲಿ ನನ್ನ ಮೂರು ಇಂಗ್ಲಿಷ್ ಪುಸ್ತಕ ಬಂದಿವೆ. ದೊಡ್ಡೋರಿಗೊಂದು, ಟೀನೇಜ್ ಮಕ್ಕಳಿಗೊಂದು, ಚಿಕ್ಕೋರಿಗೊಂದು. ಒಂದರಲ್ಲಿ ನೀನಿದೀಯ."

ಉಮಾನಾಥ ಕೊನೆಯ ವಾಕ್ಯವನ್ನು ಮೂರು ಸಲ ಓದಿದ. ಕುಡಿಯುತ್ತಿದ್ದ ಕಾಫಿಯನ್ನು ಮೇಜಿನ ಮೇಲಿಟ್ಟ.

ಮಲೇಷ್ಯಾದ ಪೆಟಾಲಿಂಗ್ ಜಯಾದ ಆ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಅವನಷ್ಟು ಸಾಧು ಮನುಷ್ಯ ಇನ್ನೊಬ್ಬನಿರಲಿಲ್ಲ. ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಲಾಕ್‌ಡೌನ್ ಬಂದ ಮೇಲೆ ಊಟದ ಮೇಜೇ ಅವನ ಆಫೀಸು. ಇಪ್ಪತ್ತನಾಲ್ಕು ವರ್ಷದಲ್ಲಿ ಅವನ ಕೈಯಿಂದ ಒಂದು ಕಾಗದವೂ ಕಳೆದಿಲ್ಲ ಎಂದು ಕಂಪನಿ ಸನ್ಮಾನ ಮಾಡಿತ್ತು. ಅದಕ್ಕೂ ಮೊದಲು, ಭದ್ರಾವತಿಯಲ್ಲಿ, ಕಳೆದದ್ದು ಒಂದಿತ್ತು. ಕಳೆದದ್ದಲ್ಲ, ಕಳೆದದ್ದು ಎಂದು ಹೇಳಿಕೊಂಡರೆ ಮನಸ್ಸಿಗೆ ಹಗುರ. ಹೈದರಾಬಾದಿನ ವಿಶ್ವವಿದ್ಯಾಲಯದಿಂದ ಸರೋಜಿನಿಯ ಹೆಸರಿಗೆ ಬಂದಿದ್ದ ಪ್ರವೇಶಪತ್ರ. ಅದೇ ವಾರ ಅವನಿಗೆ ಮಲೇಷ್ಯಾದ ಕೆಲಸ ಸಿಕ್ಕಿತ್ತು. ಇಬ್ಬರೂ ಹೊರಟರೆ ಕಾಯಿಲೆಯ ಅಮ್ಮನನ್ನು ನೋಡುವವರು ಯಾರು? ಯಾರಿಗೂ ಹೇಳದೆ ಆ ಕಾಗದವನ್ನು ಅವನು ಬಚ್ಚಲೊಲೆಗೆ ಹಾಕಿದ್ದ. ಸರೋಜಿನಿ ಅಮ್ಮ ಹೋಗುವವರೆಗೆ, ಆರು ವರ್ಷ, ಅಲ್ಲೇ ಉಳಿದಳು.

"ಸೀತಾ, ಆ ದೊಡ್ಡೋರ ಪುಸ್ತಕ ಎಲ್ಲಿ?" ಎಂದು ಹೆಂಡತಿಯನ್ನು ಕೇಳಿದ.

ಸೀತಾಲಕ್ಷ್ಮಿ ಪಾರ್ಸೆಲಿನ ರಟ್ಟಿಗೆ ಇನ್ನೂ ಸ್ಯಾನಿಟೈಸರ್ ಹೊಡೆಯುತ್ತಿದ್ದಳು. "ನಿತ್ಯಾನಂದ ಅವ್ರಿಗೆ ನಿನ್ನೇನೇ ಕೊಟ್ಟೆ. ಸಂಜೆ ಐದಕ್ಕೆ ಓದುಬಳಗದ ಜೂಮ್ ಇದೆಯಲ್ಲ, ಅದರಲ್ಲಿ ಅವ್ರೇ ಮಾತಾಡ್ತಾರಂತೆ. ನಿಮ್ಮ ತಂಗಿ ಪುಸ್ತಕ, ನಾಕು ಜನಕ್ಕೆ ಗೊತ್ತಾಗ್ಲಿ."

ಒಬ್ಬರ ಮನೆಗೊಬ್ಬರು ಹೋಗಬಾರದೆಂಬ ನಿಯಮ ಆಗ ಬಿಗಿಯಾಗಿತ್ತು. ಲಿಫ್ಟಿನಲ್ಲಿ ಕ್ಯಾಮೆರಾ ಇದ್ದುದರಿಂದ ಉಮಾನಾಥ ಆರನೆಯ ಮಹಡಿಯಿಂದ ಹನ್ನೊಂದಕ್ಕೆ ಮೆಟ್ಟಿಲು ಹತ್ತಿದ. ನಿವೃತ್ತ ಎಂಜಿನಿಯರ್ ನಿತ್ಯಾನಂದ ಹುಬ್ಬಳ್ಳಿಯವರು, ನಿವಾಸಿಗಳ ಸಂಘದ ಅಧ್ಯಕ್ಷರು. ಕಬ್ಬಿಣದ ಗ್ರಿಲ್ ತೆಗೆಯದೆ, ಎರಡು ಮಾಸ್ಕಿನ ಮೇಲೊಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಮಾತಾಡಿದರು. ನೋಡಲಿಕ್ಕೆ ಜೇನು ಕೀಳಲು ಹೊರಟವರ ಹಾಗಿದ್ದರು.

"ಪುಸ್ತಕ ಏನ್ರೀ, ನಲವತ್ತು ಪುಟ ಒಂದs ಬೈಠಕ್ಕಿಗೆ ಓದಿದ್ನಿ. ಒಬ್ಬ ಮನಶ್ಯಾ ಬರ್ತಾನ ನೋಡ್ರಿ ಅದರಾಗ. ಮ್ಯಾಲೆ ಭಾಳ ಸಾಧು. ಒಳಗ ಬರೇ ವಿಷ. ಮೈ ಉರೀತದ."

ಉಮಾನಾಥ ಗ್ರಿಲ್ಲಿನ ಸರಳು ಹಿಡಿದುಕೊಂಡ. "ಅವನು... ಏನು ಮಾಡ್ತಾನೆ?"

"ಅದನ್ನ ಸಂಜೀಕ ಹೇಳ್ತೀನಿ, ಎಲ್ಲಾರ ಮುಂದ. ಈಗ ಪುಸ್ತಕ ನನ್ನ ಕಡೆ ಇಲ್ಲ. ನಾಕನೇ ಮಹಡಿ ಸೆಲ್ವಿ ಅಕ್ಕಾಗ ಕೊಟ್ಟೇನಿ."

ಏಳು ಮಹಡಿ ಇಳಿದು ಅವನು ಸೆಲ್ವಿ ಅಕ್ಕನ ಬಾಗಿಲಿಗೆ ಬಂದ. ಮಲೇಷ್ಯಾದ್ದೇ ಇಪೋ ಊರಿನಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಎದುರಿಗೆ ನಿಂತವರೆಲ್ಲ ತಡವಾಗಿ ಬಂದ ವಿದ್ಯಾರ್ಥಿಗಳೆಂದೇ ಅವಳ ಭಾವನೆ. ಉಮಾನಾಥ ಅವಳೊಂದಿಗೆ ಮುರುಕು ತಮಿಳಿನಲ್ಲಿ ಮಾತಾಡುತ್ತಿದ್ದ.

"ಪುಸ್ತಕ ಇದೆ. ಇನ್ನು ಹತ್ತು ನಿಮಿಷ ಆಗಬೇಕು," ಎಂದಳು.

"ಓದಿ ಮುಗಿಸೋದಕ್ಕಾ?"

"ಬೇಯೋದಕ್ಕೆ."

ಒಲೆಯ ಮೇಲೆ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ಹೊರದೇಶದಿಂದ ಬಂದ ಕಾಗದ, ಮೂರು ಮನೆ ಸುತ್ತಿದೆ, ವೈರಸ್ ಸಾಯಬೇಕಲ್ಲ ಎಂದು ಅವಳು ಶಾಂತವಾಗಿ ವಿವರಿಸಿದಳು. ಪಾತ್ರೆಯಿಂದ ಹೊರಬಂದಾಗ ಸರೋಜಿನಿಯ ಕಾದಂಬರಿ ಉದ್ದು ಜಾಸ್ತಿ ಬಿದ್ದ ಇಡ್ಲಿಯಂತೆ ಉಬ್ಬಿತ್ತು.

ಉಮಾನಾಥ ಕೈ ಚಾಚಿದ. ಸೆಲ್ವಿ ಅಕ್ಕ ಹಿಂದೆ ಸರಿದಳು. "ಸರದಿ ನನ್ನದು. ಸುಮ್ಮನೆ ಯಾಕೆ ಕೊಡಲಿ? ನನ್ನ ಮೊಮ್ಮಗಳು ಯಾಳಿನಿ ಮೂರು ತಿಂಗಳಿಂದ ಶಾಲೆ ಇಲ್ಲದೆ ಗೋಡೆ ನೋಡುತ್ತಾ ಕೂತಿದ್ದಾಳೆ. ಚಿಕ್ಕವರ ಪುಸ್ತಕವೂ ಬಂದಿದೆಯಂತಲ್ಲ. ಅದನ್ನು ತಂದು ಕೊಟ್ಟು ಇದನ್ನು ತೆಗೆದುಕೊಂಡು ಹೋಗಿ."

ಅಷ್ಟೇ ತಾನೇ. ಉಮಾನಾಥ ಓಡಿ ಮನೆಗೆ ಹೋಗಿ, ಬಣ್ಣಬಣ್ಣದ ಆ ತೆಳು ಪುಸ್ತಕವನ್ನು ತೆರೆದೂ ನೋಡದೆ ತಂದು ಏಳು ವರ್ಷದ ಯಾಳಿನಿಯ ಕೈಗಿಟ್ಟ. ಹುಡುಗಿ "ಥ್ಯಾಂಕ್ಯೂ ಅಂಕಲ್" ಎಂದು ಅಲ್ಲೇ ನೆಲದ ಮೇಲೆ ಕೂತು ಓದತೊಡಗಿದಳು. ಬೆಂದ ಕಾದಂಬರಿಯನ್ನು ಅಂಗಿಯೊಳಗೆ ಸೇರಿಸಿಕೊಂಡು, ಹೊಟ್ಟೆ ಸುಟ್ಟರೂ ಸಹಿಸಿಕೊಂಡು, ಅವನು ಮೆಟ್ಟಿಲೇರಿದ.

ಆಫೀಸಿನ ತುರ್ತು ಕರೆ ಎಂದು ಹೆಂಡತಿಗೆ ಹೇಳಿ ಮಲಗುವ ಕೋಣೆಯ ಚಿಲಕ ಹಾಕಿಕೊಂಡ. ಅಂಟಿಕೊಂಡಿದ್ದ ಪುಟಗಳನ್ನು ಒಂದೊಂದೇ ಬಿಡಿಸುತ್ತಾ ನಾಲ್ಕೂವರೆಯವರೆಗೆ ಓದಿದ. ಮೈ ಉರಿಸುವ ಆ ಮನುಷ್ಯ ಒಬ್ಬ ಮನೆ ದಲ್ಲಾಳಿ. ಕಾದಂಬರಿ ಮೆಲ್ಬರ್ನಿನ ಬೀದಿಯೊಂದರಲ್ಲಿ ಬಾಡಿಗೆಗಿದ್ದ ನಾಲ್ವರು ಹೆಂಗಸರದು. ಅದರಲ್ಲಿ ಅಣ್ಣ ಇಲ್ಲ, ಕಾಗದ ಇಲ್ಲ, ಭದ್ರಾವತಿ ಇಲ್ಲ. ಉಮಾನಾಥ ಉಸಿರುಬಿಟ್ಟ. ಆಮೇಲೆ, ಯಾಕೋ, ಒಂದು ಪುಟದಲ್ಲೂ ತಾನಿಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಯಾವುದಕ್ಕೂ ಇರಲಿ ಎಂದು ಟೀನೇಜ್ ಪುಸ್ತಕ ಹಿಡಿದು ಸೋಫಾದಲ್ಲಿ ಬಿದ್ದಿದ್ದ ಹದಿನೈದರ ಮಗಳು ಅನನ್ಯಳನ್ನು ಕೇಳಿದ: "ಅದರಲ್ಲಿ ಅಣ್ಣ ಯಾರಾದ್ರೂ ಬರ್ತಾನೇನಮ್ಮ?"

"ನೋ ಬ್ರದರ್ಸ್, ಅಪ್ಪಾ. ಒನ್ಲಿ ಸರ್ಫಿಂಗ್. ವೈ ಸೋ ಟೆನ್ಸ್ ಲಾ?" ಮಾತಿನ ಬಾಲಕ್ಕೆ "ಲಾ" ಸೇರಿಸುವುದು ಇಲ್ಲಿಯ ಮಕ್ಕಳ ಇಂಗ್ಲಿಷು.

ತಂಗಿ ತಮಾಷೆಗೆ ಬರೆದಿದ್ದಾಳೆ ಎಂದುಕೊಂಡು ಉಮಾನಾಥ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯ ಪಕ್ಕದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ. ತೆರೆಯ ಮೇಲೆ ಇಪ್ಪತ್ತೆರಡು ಮುಖಗಳಿದ್ದವು. ಪುಸ್ತಕ ಬೆಂದುಹೋಗಿ ಓದುವ ಸ್ಥಿತಿಯಲ್ಲಿಲ್ಲ ಎಂದು ಅವನು ಮಧ್ಯಾಹ್ನವೇ, ಚರ್ಚೆ ತಪ್ಪಲೆಂದು, ನಿತ್ಯಾನಂದರಿಗೆ ತಿಳಿಸಿದ್ದ.

"ಚಿಂತಿಲ್ಲ," ಎಂದರು ನಿತ್ಯಾನಂದ. "ಎರಡು ಸರ್‌ಪ್ರೈಸ್ ಅದಾವ. ಒಂದು, ಲೇಖಕಿ ಸರೋಜಿನಿಯವರs ಬಂದಾರ. ಎರಡು, ಅವರ ಮಕ್ಕಳ ಪುಸ್ತಕಾನ ನಮ್ಮ ಯಾಳಿನಿ ಓದ್ತಾಳ."

ಇಪ್ಪತ್ತಮೂರನೆಯ ಚೌಕದಲ್ಲಿ ಸರೋಜಿನಿ ಮೂಡಿದಳು. ಕೂದಲು ನರೆತಿತ್ತು. "ನಮಸ್ಕಾರ ಅಣ್ಣಾ," ಎಂದಳು.

ಯಾಳಿನಿ ಗಂಟಲು ಸರಿಮಾಡಿಕೊಂಡು ಓದಿದಳು. ಒಂದು ಬಿಲದಲ್ಲಿ ಅಣ್ಣ ವೊಂಬ್ಯಾಟ್, ತಂಗಿ ವೊಂಬ್ಯಾಟ್ ಇದ್ದವು. ಕರಡಿಯ ಮರಿಗೆ ಹೆಗ್ಗಣದ ಕಾಲು ಜೋಡಿಸಿದಂಥ ದುಂಡು ಪ್ರಾಣಿಗಳು. ಹೊಳೆಯಾಚೆಯ ಶಾಲೆಯಿಂದ ತಂಗಿಗೆ ಕಾಗದ ಬಂತು. ಅಣ್ಣ ಅದನ್ನು ಒಲೆಗೆ ಹಾಕಿ, ಏನೂ ಬಂದಿಲ್ಲ ಎಂದಿತು. ಕಾಗದ ತಂದಿದ್ದ ಕೊಕ್ಕರೆ ಮಾರನೆಯ ತಿಂಗಳು ಸಿಕ್ಕಿ, "ಯಾವಾಗ ಹೊರಟೆ ಮರಿ?" ಎಂದು ತಂಗಿಯನ್ನು ಕೇಳಿತು. ತಂಗಿಗೆ ಎಲ್ಲ ತಿಳಿಯಿತು. ಆದರೂ ಜಗಳವಾಡಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಕೇಳುತ್ತಿತ್ತು, "ಅಣ್ಣಾ, ನನಗೆ ಹೇಳುವುದೇನಾದರೂ ಇದೆಯಾ?"

ಪ್ರತಿ ದೀಪಾವಳಿಗೆ ಫೋನ್ ಇಡುವ ಮುಂಚೆ ಸರೋಜಿನಿ ಇದೇ ಮಾತು ಕೇಳುತ್ತಿದ್ದಳು. "ಏನಿಲ್ಲ, ಆರೋಗ್ಯ ನೋಡಿಕೋ," ಎಂದು ಉಮಾನಾಥ ಇಡುತ್ತಿದ್ದ.

ಯಾಳಿನಿ ಕೊನೆಯ ಪುಟವನ್ನು ಕ್ಯಾಮೆರಾಕ್ಕೆ ಹಿಡಿದಳು. ಅದು ಖಾಲಿಯಿತ್ತು. "ಆಂಟಿ, ದಿಸ್ ಪೇಜ್ ನಥಿಂಗ್ ಲಾ. ವೈ ಹಿ ನೆವರ್ ಸೇ ಸಾರಿ?"

"ನಂಗೂ ಗೊತ್ತಿಲ್ಲ ಪುಟ್ಟಾ," ಎಂದು ಸರೋಜಿನಿ ಇಂಗ್ಲಿಷಿನಲ್ಲಿ ಹೇಳಿ, ಕನ್ನಡಕ್ಕೆ ತಿರುಗಿದಳು. "ಅಣ್ಣಾ, ನೀನು ಹೇಳ್ತೀಯಾ?"

ಇಪ್ಪತ್ತೆರಡು ಮುಖಗಳು ಕಾದವು. ಉಮಾನಾಥ ಕಣ್ಣು ಮುಚ್ಚಿದ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. ಹೈದರಾಬಾದಿನ ಲಕೋಟೆ, ಬಚ್ಚಲೊಲೆ, ಅಮ್ಮನ ಕೆಮ್ಮು, ತಾನು ವಿಮಾನ ಹತ್ತಿದ ದಿನ ತಂಗಿ ಕಟ್ಟಿಕೊಟ್ಟ ಚಿತ್ರಾನ್ನ, ಅದನ್ನು ತಿನ್ನಲಾಗದೆ ಎಸೆದದ್ದು, ಎಲ್ಲ ಹೇಳಿದ. "ನಾನು ಸ್ವಾರ್ಥಿ ಕಣೇ. ಭಯಸ್ಥ. ತಪ್ಪಾಯ್ತು," ಎಂದು ಮುಗಿಸುವಾಗ ಇಸ್ತ್ರಿ ಅಂಗಿಯ ತೋಳು ಒದ್ದೆಯಾಗಿತ್ತು.

ಕಣ್ಣು ತೆರೆದ. ಯಾರೂ ಅಳುತ್ತಿರಲಿಲ್ಲ. ಸರೋಜಿನಿ ತೆರೆಯ ಹತ್ತಿರ ಮುಖ ತಂದು ಕಿವಿಗೆ ಕೈ ಹಚ್ಚಿದ್ದಳು.

"ಉಮಾನಾಥ್," ಎಂದರು ನಿತ್ಯಾನಂದ, "ನಿಮ್ಮ ಮೈಕ್ ಬಂದ್ ಅದ. ಬರೇ ಬಾಯಿ ಕಾಣಸ್ತದ, ಏನೂ ಕೇಳವಲ್ದು."

ಕೇಳಿಸಿದ್ದು ಪಕ್ಕದಲ್ಲಿದ್ದ ಸೀತಾಲಕ್ಷ್ಮಿಗೆ ಮಾತ್ರ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಉಮಾನಾಥ ಲ್ಯಾಪ್‌ಟಾಪಿನ ಮುಚ್ಚಳದತ್ತ ಮೆಲ್ಲಗೆ ಕೈ ಒಯ್ದ. ಅವಳು ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟು, ತಾನೇ ಬಾಗಿ ಮೈಕ್ ಒತ್ತಿದಳು.

"ಈಗ ಹೇಳಿ," ಎಂದಳು. "ಮೊದಲಿಂದ."