ಹೆಡ್ ಗುಮಾಸ್ತರ ಮೂಗು ಬರೆಯಲು ಹೋಗಿ

ಮೇಲಧಿಕಾರಿಯ ಮೂಗನ್ನು ಇದ್ದುದಕ್ಕಿಂತ ಒಂದು ಗೇಣು ಉದ್ದ ಮಾಡಿ ಬರೆಯಬೇಕೆಂಬ ಆಸೆ ಹುಟ್ಟದ ಗುಮಾಸ್ತ ಈ ಮದ್ರಾಸ್ ಪ್ರಾಂತದಲ್ಲಿ ಒಬ್ಬನಾದರೂ ಇದ್ದಾನೆಂದು ನಾನು ನಂಬುವುದಿಲ್ಲ. ಹೆಚ್ಚಿನವರು ಆ ಆಸೆಯನ್ನು ಎಲೆ ಅಡಿಕೆಯೊಂದಿಗೆ ಅಗಿದು ಉಗಿದು ಸುಮ್ಮನಾಗುತ್ತಾರೆ. ನಾನು ಮಾತ್ರ ಪಾಠಕ್ಕೆ ಹೋದೆ. ಈಗ ಯಾರಾದರೂ ಬಂದು, "ಪಂಪಾಪತಿ ಮಾಸ್ತರ ಹತ್ರ ವ್ಯಂಗ್ಯಚಿತ್ರ ಕಲಿಯೂದು ಛಲೋನ್ರಿ?" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಉತ್ತರ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಹೇಳುವಂತಿಲ್ಲವಲ್ಲ, ಅದಕ್ಕೆ.

ನಾನಿರುವುದು ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವುದೆಂದು ಕೇಳಬೇಡಿ, ನಾನು ಹೆಂಡತಿ ಮಕ್ಕಳಿರುವವನು. ನಮ್ಮ ಹೆಡ್ ಗುಮಾಸ್ತ ಚನ್ನಬಸಪ್ಪನವರಿಗೆ ಎರಡು ಚಟ. ಒಂದು, ನಸ್ಯ ಏರಿಸಿ ಸೂರು ಹಾರುವಂತೆ ಸೀನುವುದು. ಇನ್ನೊಂದು, ಬೇರೆಯವರು ಬರೆದದ್ದರ ಕೆಳಗೆ ತಮ್ಮ ಹೆಸರು ಹಾಕುವುದು. ಬುಕ್ಕಸಾಗರದ ಹತ್ತಿರ ಕಾಲುವೆ ಒಡೆದ ವರ್ಷ ಮೊಣಕಾಲುದ್ದ ಕೆಸರಿನಲ್ಲಿ ಗದ್ದೆ ಗದ್ದೆ ಅಲೆದು, ರೈತರಿಂದ ಬೈಸಿಕೊಂಡು, ವರದಿ ಬರೆದವನು ನಾನು. ಬಳ್ಳಾರಿಯ ದೊರೆಗಳು ಮೆಚ್ಚಿ ಬರೆದ ಕಾಗದ ಬಂದದ್ದು ಚನ್ನಬಸಪ್ಪನವರ ಹೆಸರಿಗೆ. ಅದನ್ನು ಇಡೀ ಕಚೇರಿಯ ಮುಂದೆ ಓದಿಸಿದರು, ಅದೂ ನನ್ನ ಕೈಯಲ್ಲಿ. ಅವತ್ತು ಅವರಿಗೆ ಕನ್ನಡಕ ಸಿಕ್ಕಿರಲಿಲ್ಲವಂತೆ! ಓದಿ ಮುಗಿಸುವಷ್ಟರಲ್ಲಿ ತೀರ್ಮಾನಿಸಿಬಿಟ್ಟೆ: ಸಾಯುವುದರೊಳಗೆ ನನ್ನ ಹೆಸರು ಒಮ್ಮೆಯಾದರೂ ಅಚ್ಚಾಗಬೇಕು, ಅದೂ ಈ ಮನುಷ್ಯನ ವ್ಯಂಗ್ಯಚಿತ್ರದ ಕೆಳಗೇ ಆಗಬೇಕು.

ಪಂಪಾಪತಿ ಮಾಸ್ತರು ಕಂಪ್ಲಿಯವರು. ಬೊಂಬಾಯಿಯ ಸಿನಿಮಾ ಕಂಪನಿಯೊಂದರಲ್ಲಿ ಹದಿನೈದು ವರ್ಷ ಚಿತ್ರಗಳನ್ನು ಓಡಾಡಿಸುತ್ತಿದ್ದವರು. ಅಂದರೆ, ಕಾಗದದ ಮೇಲೆ ಬರೆದ ಬೆಕ್ಕು ಪರದೆಯ ಮೇಲೆ ಜಿಗಿಯುವಂತೆ ಮಾಡುವ ವಿದ್ಯೆ. ಕಣ್ಣು ಮಂಜಾದ ಮೇಲೆ ಈ ಕಡೆ ಬಂದು, ಹೊಸಪೇಟೆಯಲ್ಲಿ ಒಂದು ಬಾಳೆಹಣ್ಣಿನ ಮಂಡಿಯ ಮಾಳಿಗೆ ಹಿಡಿದು, "ವ್ಯಂಗ್ಯಚಿತ್ರ ಕಲಿಸಲಾಗುವುದು" ಎಂದು ಬೋರ್ಡು ಹಾಕಿದ್ದರು. ನಾನು ಹೋದ ಕೂಡಲೇ, "ಏನ್ ಬರೀಬೇಕಂತೀರಿ?" ಎಂದರು. ನಮ್ಮ ಹೆಡ್ ಗುಮಾಸ್ತರು ಸೀನುವುದನ್ನು ಎಂದೆ. ಮುಖ ಅರಳಿತು. "ಮಸ್ತ್ ಆತು! ಒಂದು ಸೀನಿಗೆ ಇಪ್ಪತ್ನಾಲ್ಕು ಚಿತ್ರ ಬೇಕ್ರಿ. ಕುಂದ್ರಿ."

ಕುಳಿತೆ. ಮೊದಲ ಚಿತ್ರದಲ್ಲಿ ನಸ್ಯದ ಡಬ್ಬಿ ತೆರೆಯಬೇಕು, ಕೊನೆಯದರಲ್ಲಿ ಮೇಜಿನ ಕಾಗದಗಳೆಲ್ಲ ಹಾರಬೇಕು. ನಡುವಿನ ಚಿತ್ರಗಳಲ್ಲಿ ಹುಬ್ಬು ಒಂದೊಂದು ಕೂದಲೆಳೆಯಷ್ಟೇ ಮೇಲೇರುತ್ತ ಹೋಗಬೇಕು. ಕಾಗದಗಳನ್ನು ಕಟ್ಟಿಟ್ಟು ಹೆಬ್ಬೆರಳಿನಿಂದ ಅಂಚನ್ನು ಸರ್ರನೆ ಬಿಟ್ಟರೆ ಮನುಷ್ಯ ಸೀನಬೇಕು. ಸೀನದಿದ್ದರೆ ಮತ್ತೆ ಮೊದಲಿನಿಂದ. ಯಾವುದಾದರೂ ಒಂದು ಚೆನ್ನಾಗಿ ಬಂತೆಂದು ಹೆಮ್ಮೆಯಿಂದ ತೋರಿಸಿದೆನೋ, ಮಾಸ್ತರು ರೇಗುತ್ತಿದ್ದರು. "ಒಂದ ಚಿತ್ರ ಹಿಡಕೊಂಡು ನೋಡಬ್ಯಾಡ್ರಿ! ಒಂದರಾಗ ಏನೈತ್ರಿ, ಮಣ್ಣು?" ನನ್ನ ಹೆಂಡತಿ ಮನೆ ತುಂಬ ಹರಡಿದ ಮೂಗುಗಳನ್ನು ಗುಡಿಸಿ ಗುಡಿಸಿ ಸಾಕಾಗಿ ಒಂದು ದಿನ ಅಂದಳು, "ಒಂಬತ್ತು ತಿಂಗಳಾತು, ಆ ಮನಷ್ಯಾ ಇನ್ನೂ ಸೀನಾಕ ಹತ್ಯಾನ. ಇಷ್ಟರಾಗ ನಾ ಒಂದು ಕೂಸು ಹಡೀತಿದ್ದೆ."

ಹತ್ತನೆಯ ತಿಂಗಳಲ್ಲಿ ಚನ್ನಬಸಪ್ಪನವರು ಸೀನಿದರು. ಆಹಾ, ಏನು ಸೀನು! ಮಾಸ್ತರು ಕಟ್ಟನ್ನು ಹತ್ತು ಸಲ ಓಡಿಸಿ ನೋಡಿ ಕಣ್ಣೊರೆಸಿಕೊಂಡರು. ಇಂಥದನ್ನು ಬೊಂಬಾಯಿಯಲ್ಲೂ ಕಂಡಿಲ್ಲವೆಂದರು. ಪ್ರತಿ ಚಿತ್ರಕ್ಕೂ ನನ್ನ ಹೆಸರು ಹಾಕಲು ಹೊರಟಾಗ ಕೈ ಹಿಡಿದರು. "ಎಲ್ಲಾದರ ಮ್ಯಾಲೂ ಹಾಕಿದ್ರ, ಓಡಿಸಿದಾಗ ನಿಮ್ಮ ಹೆಸರೂ ಕುಣೀತದ. ಕೊನೀದಕ್ಕ ಹಾಕ್ರಿ, ಸಾಕು." ಗುರುವಿನ ಮಾತು. ಹಾಗೇ ಮಾಡಿ ಇಪ್ಪತ್ನಾಲ್ಕನ್ನೂ ಮದ್ರಾಸಿನ ಒಂದು ವಾರಪತ್ರಿಕೆಗೆ ಕಳಿಸಿದೆ. ಕಟ್ಟು ಬಿಚ್ಚಿ ಬಿಡಿ ಕಾಗದಗಳನ್ನು ಮೇಜಿನ ಮೇಲೆ ಹರಡುವ ಸಂಪಾದಕರಿಗೆ ಹೆಬ್ಬೆರಳಿನ ವಿಷಯ ಹೇಗೆ ತಿಳಿಯಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅವರು ಅಚ್ಚು ಹಾಕಿದ್ದು ಒಂದೇ ಒಂದು ಚಿತ್ರ, ಹನ್ನೊಂದನೆಯದು. ಸೀನು ಬರುವ ಮುಂಚಿನ ಗಳಿಗೆ. ಮೇಲೆತ್ತಿದ ಮುಖ, ಅರೆಮುಚ್ಚಿದ ಕಣ್ಣು, ಬಿರಿದ ತುಟಿ, ಎದೆಯ ಮೇಲೊಂದು ಕೈ. ಅದನ್ನು ಹಂಪಿಯ ಮಹಿಮೆಯ ಒಂದು ಲೇಖನದ ನಡುವೆ ಇಟ್ಟು, ಕೆಳಗೆ "ವಿರೂಪಾಕ್ಷನ ಸನ್ನಿಧಿಯಲ್ಲಿ ಮೈಮರೆತ ಭಕ್ತ" ಎಂದು ಹಾಕಿದ್ದರು. ನನ್ನ ಹೆಸರು ಇಪ್ಪತ್ನಾಲ್ಕನೆಯದರ ಜೊತೆಗೆ ಅವರ ಕಸದ ಬುಟ್ಟಿ ಸೇರಿರಬೇಕು.

ಪತ್ರಿಕೆ ಕಚೇರಿಗೆ ಬಂತು. ಚನ್ನಬಸಪ್ಪನವರು ನೋಡಿದರು. ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ನೋಡಿದರು. "ಶಿವನ! ಇದು ನಾನ ಅಲ್ಲೇನ್ರಿ? ಹ್ವಾದ ಸೋಮವಾರ ಹಂಪಿಗೆ ಹೋಗಿದ್ನಲ್ಲಾ, ಯಾವನೋ ಪುಣ್ಯಾತ್ಮ ಕಂಬದ ಮರೀಗೆ ನಿಂತು ಬರಕೊಂಡಾನ! ಆತ ಸಿಕ್ಕರ ಕಾಲು ಹಿಡೀತಿದ್ದೆ." ಅವರ ಕಣ್ಣಲ್ಲಿ ನೀರು ಬಂದಿತ್ತು. ಮಾಸ್ತರನ್ನು ಬಿಟ್ಟರೆ, ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನ ಕೆಲಸ ನೋಡಿ ಅಳುತ್ತಿದ್ದರು. ತಡೆಯಲಾಗಲಿಲ್ಲ. "ಅದನ್ನ ಬರದಾವ ನಾನ್ರಿ" ಎಂದುಬಿಟ್ಟೆ.

ಚನ್ನಬಸಪ್ಪನವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬೇಸರದಿಂದ ತಲೆಯಾಡಿಸಿದರು. "ಯಾಕ್ರಿ, ಇನ್ನೊಬ್ರು ಮಾಡಿದ್ದಕ್ಕ ತಮ್ಮ ಹೆಸರು ಹಚ್ಚಿಕೊಳ್ಳೂ ಚಟಾ ನಿಮಗ ಯಾವಾಗಿಂದ?" ಎಂದರು. ಎಲ್ಲರೂ ನಕ್ಕರು. ಆ ಮನುಷ್ಯನ ಬಾಯಲ್ಲಿ ಆ ಮಾತು! ಭೂಮಿ ಬಾಯಿ ಬಿಡಬಾರದಿತ್ತೇ ಅನಿಸಿತು, ನನ್ನನ್ನಲ್ಲ, ಅವರನ್ನು ನುಂಗಲು.

ಸಾಕ್ಷಿ ಇಲ್ಲವೆಂದಲ್ಲ. ಅಭ್ಯಾಸಕ್ಕೆ ಬರೆದ ಇಡೀ ಕಟ್ಟು ಮನೆಯಲ್ಲಿದೆ. ಮರುದಿನ ಚೀಲದಲ್ಲಿ ಹಾಕಿಕೊಂಡೂ ಹೋದೆ. ಮೇಜಿನ ಕೆಳಗೆ ಅದರ ಮೇಲೆ ಕೈಯಿಟ್ಟಾಗ ಬುದ್ಧಿ ಬಂತು. ಹನ್ನೊಂದನೆಯದೊಂದನ್ನೇ ತೋರಿಸಿದರೆ ಪತ್ರಿಕೆ ನೋಡಿ ನಕಲು ಮಾಡಿದ್ದೆನ್ನುತ್ತಾರೆ. ಚಿತ್ರ ನನ್ನದೆಂದು ತೋರಿಸಲು ಹೆಬ್ಬೆರಳು ಬಿಡಬೇಕು. ಬಿಟ್ಟರೆ ಭಕ್ತ ಎಲ್ಲರೆದುರು ಸೀನುತ್ತಾನೆ. ಸೀನಿದರೆ ನನ್ನ ಕೆಲಸ ಹೋಗುತ್ತದೆ. ಕಟ್ಟನ್ನು ಹಾಗೇ ಮನೆಗೆ ತಂದೆ. ಮಾಸ್ತರ ಹತ್ತಿರ ಹೋಗಿ ಗೋಳು ಹೇಳಿಕೊಂಡರೆ, ಅವರಿಗೆ ಅವರದೇ ಚಿಂತೆ: "ಹನ್ನೊಂದನೇದಾ? ಛೇ, ಅದರಾಗ ಕಿವಿ ಸ್ವಲ್ಪ ಹಿಂದ ಉಳದೈತಲ್ರಿ!"

ಈಗ ಪತ್ರಿಕೆಯ ಆ ಚಿತ್ರ ಗಾಜಿನ ಚೌಕಟ್ಟು ಹಾಕಿಸಿಕೊಂಡು ಕಚೇರಿಯ ಗೋಡೆ ಏರಿದೆ. ಸಂಡೂರಿನಿಂದ ಕೆಲಸಕ್ಕೆ ಬಂದವರೂ ಮೊದಲು ಅದಕ್ಕೆ ನಮಸ್ಕಾರ ಮಾಡಿ ಆಮೇಲೆ ಅರ್ಜಿ ಕೊಡುತ್ತಾರೆ. ಪಟದ ಮರ್ಯಾದೆಗೆ ತಕ್ಕಂತೆ ಇರಬೇಕೆಂದು ಚನ್ನಬಸಪ್ಪನವರು ನಸ್ಯವನ್ನೇ ಬಿಟ್ಟಿದ್ದಾರೆ. ಹೆಸರು ಹಾಕುವ ಚಟವನ್ನು ಬಿಟ್ಟಿಲ್ಲ. ಸೋಮವಾರ ಸೋಮವಾರ ಪಟಕ್ಕೆ ಹೂ ಏರಿಸುವ ಕೆಲಸ ನನಗೆ ಬಿದ್ದಿದೆ. ಸ್ಟೂಲು ಹತ್ತಿ ಹಾರ ಹಾಕುತ್ತೇನೆ, ಎಲ್ಲರಂತೆ ಕೈಮುಗಿಯುತ್ತೇನೆ, ಕಿವಿ ನಿಜವಾಗಿಯೂ ಸ್ವಲ್ಪ ಹಿಂದೆ ಉಳಿದಿದೆಯೇ ಎಂದು ನೋಡುತ್ತೇನೆ. ಉಳಿದಿದೆ. ಉಳಿದರೂ ಎಷ್ಟು ಚೆನ್ನಾಗಿ ಬರೆದಿದ್ದಾನಲ್ಲ, ಯಾರೋ ಪುಣ್ಯಾತ್ಮ, ಅಂದುಕೊಂಡು ಕೆಳಗಿಳಿಯುತ್ತೇನೆ.