ಮುಖವಿಲ್ಲದವರಿಗೆ ಕುಂಕುಮ

ಫ್ರೀಲಾನ್ಸ್ ಕೆಲಸ ಮಾಡುವವನಿಗೆ ಮೇಲಧಿಕಾರಿ ಇರುವುದಿಲ್ಲ ಎಂದು ಯಾರೋ ಸುಳ್ಳು ಹಬ್ಬಿಸಿದ್ದಾರೆ. ಫೋನ್ ಒಮ್ಮೆ ಟಿಣ್ ಎಂದರೆ ನಾನು ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತೇನೆ. ಟಿಣ್ ಎನ್ನದಿದ್ದರೆ ಊಟವೇ ಸೇರುವುದಿಲ್ಲ. ಇಳಕಲ್ಲಿನಲ್ಲಿ ಕೂತು ದೂರದ ಊರಿನ ಸೀರೆ ಅಂಗಡಿಗಳಿಗೆ ಫ್ಯಾಷನ್ ಚಿತ್ರ ಬರೆದುಕೊಡುವುದು ನನ್ನ ಕಸುಬು. ಊರಿನವರು ಮಾತ್ರ "ಹೆಣ್ಮಕ್ಕಳ ಚಿತ್ರಾ ತಗೀತಾನ" ಎನ್ನುತ್ತಾರೆ. ಹೇಳುವಾಗ ದನಿ ಕೊಂಚ ತಗ್ಗಿಸುತ್ತಾರೆ. ಹೀಗಾಗಿ ಹೆಣ್ಣು ಕೊಡುವವರೇ ಇರಲಿಲ್ಲ.

ಕೊನೆಗೆ ಅಮೀನಗಡದ ಕರದಂಟಿನ ಅಂಗಡಿಯವರ ಮಗಳು ನನ್ನನ್ನು ಒಪ್ಪಿದಳು. ಅವಳ ಅಪ್ಪ ಮನೆತನ ನೋಡಿಕೊಂಡು ಹೋಗುವುದೊಂದು ಬಾಕಿ. ಅವರು ಬರುವ ದಿನವೇ ಮುಂಬಯಿಯ ಅಂಗಡಿಯೊಂದಕ್ಕೆ ಮೂರು ಮಾದರಿ ಚಿತ್ರ ಕಳಿಸಬೇಕಿತ್ತು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ; ಇಲ್ಲದಿದ್ದರೆ ಭಾವಿ ಮಾವನಿಗೆ ಹೇಳಿಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಚಿತ್ರದ ಹಾಳೆಗಳನ್ನು ನೋಡಿದವನೇ ಅವ್ವನನ್ನು ಕೂಗಿದೆ. ಫ್ಯಾಷನ್ ಚಿತ್ರದ ಹೆಂಗಸರಿಗೆ ಕಾಲು ಬಲು ಉದ್ದ, ಕಣ್ಣು ಮೂಗು ಇಲ್ಲ. ನೋಡುವವರ ಗಮನ ಸೀರೆಯ ಮೇಲಿರಲಿ ಎಂದು ನಾನು ಮುಖ ಖಾಲಿ ಬಿಡುತ್ತೇನೆ. ಆ ಮೂರೂ ಖಾಲಿ ಮುಖಗಳ ಮೇಲೆ ರೂಪಾಯಿಯಗಲದ ಕುಂಕುಮ ಕೂತಿತ್ತು.

"ಅವ್ವಾ, ಇದೇನ್ ಮಾಡೀಬೇ!"

"ಬೀಗರು ಬರೂ ಹೊತ್ತಿನ್ಯಾಗ ಇಳಕಲ್ ಸೀರಿ ಉಟಗೊಂಡು ಬೋಳ ಹಣೀಲೆ ನಿಂತಾವಲ್ಲೋ. ಕಣ್ಣು ಮೂಗು ನೀ ಯಾವಾಗರೆ ಬರಕೋ. ಕುಂಕುಮಾ ನಾ ಹಚ್ಚೇನಿ."

ಒರೆಸಿದರೆ ಕೆಂಪು ಹರಡೀತು. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳಿಸೋಣವೆಂದರೆ ಕರೆಂಟು ಇರಲಿಲ್ಲ; ಮೇಲೆ ಬಣ್ಣ ಬಳಿದು ಒಣಗಿಸಲು ಬೀಗರು ಬರುವುದರೊಳಗೆ ಹೊತ್ತಿರಲಿಲ್ಲ. ಯಾರೂ ಗಮನಿಸಲಾರರು ಎಂದು ನನಗೆ ನಾನೇ ಹೇಳಿಕೊಂಡು, ಫೋನಿನಲ್ಲಿ ಫೋಟೊ ತೆಗೆದು ಹಾಗೇ ಕಳಿಸಿಬಿಟ್ಟೆ.

ಬೀಗರು ಬಂದು ಚಹಾ ಕುಡಿಯುತ್ತಿದ್ದಾಗ ಫೋನ್ ಟಿಣ್ ಎಂದಿತು. ಹಣೆ ಖಾಲಿ ಇರಲಿ, ಸಂಜೆಯೊಳಗೆ ತಿದ್ದಿ ಕಳಿಸಿ, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮುಂಬಯಿಯವರು ಬರೆದಿದ್ದರು. ಅದೇ ಹೊತ್ತಿಗೆ ಬೀಗರು ಕೇಳಿದರು.

"ನಿಮ್ಮ ಕೆಲಸ ಪರ್ಮನೆಂಟ್ ಐತೇನ್ರಿ?"

ಸುಳ್ಳು ಹೇಳಲೆಂದೇ ಬಾಯಿ ತೆರೆದೆ. ಗಾಬರಿಗೆ ನಿಜ ಹೊರಬಿತ್ತು. "ಸಂಜಿತನಾ ಐತ್ರಿ."

ಅವ್ವ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು. ಬೀಗರು ಕಪ್ಪು ಕೆಳಗಿಟ್ಟರು. "ನಮ್ಮ ಅಂಗಡೀದೂ ಹಂಗ ಐತ್ರಿ. ಬೆಳಿಗ್ಗೆ ಮತ್ತ ಬಾಗಲಾ ತಗಿಯೂದು," ಎಂದರು. ನನಗೆ ಧೈರ್ಯ ಬರಬೇಕಾದ ಮಾತು. ಆದರೆ ಮಾರಾಟವಾಗದ ಕರದಂಟನ್ನು ಮನೆಮಂದಿಯಾದರೂ ತಿನ್ನಬಹುದು, ನನ್ನ ಚಿತ್ರಗಳನ್ನು ಏನು ಮಾಡುವುದು ಎಂಬ ಹೊಸ ಚಿಂತೆ ಹತ್ತಿತು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಬಸ್ಸು ಹತ್ತಿ ಹೋದರು.

ನಾನು ಮೈಬಣ್ಣ ಕಲಸಿಕೊಂಡು ಹಣೆ ಮುಚ್ಚಲು ಕೂತೆ. ಮೂರೂ ಮುಗಿದವು. ಕೊನೆಯ ಚಿತ್ರದ ಸೀರೆಯಂಚಿಗೆ ಇನ್ನಷ್ಟು ಕೆಂಪು ಬೇಕೆನಿಸಿ ಕುಂಚ ಅದ್ದಿದ್ದೆ, ಹುಡುಗಿಯ ಫೋನ್ ಬಂತು.

"ಅಪ್ಪಾರು ಹೂಂ ಅಂದಾರ್ರಿ. ನಿಮ್ಮ ಕೆಲಸ ಇನ್ನೂ ಐತೋ, ಹೋತೋ?"

"ಈಗ ಕಳಸ್ತೇನ್ರಿ, ಇದ್ದರೂ ಇರಬಹುದು," ಎಂದೆ. ಅವಳು ನಕ್ಕಳು. ಫೋನಿಟ್ಟು ನೋಡಿದರೆ, ಮಾತಿನ ಭರದಲ್ಲಿ ಚಿತ್ರದ ಹಣೆಗೆ ನಾನೇ ದುಂಡಗೆ ಒಂದು ಬೊಟ್ಟು ಇಟ್ಟುಬಿಟ್ಟಿದ್ದೆ.